ಅರ್ಧಕ್ಕೆ ನಿಂತ ಯಂತ್ರಕ್ಕೆ ಯಾರು ದಿಕ್ಕು?

ತಮ್ಮ: ಅಕ್ಕ, ಪ್ರಾಜೆಕ್ಟಿಗೆ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಟೆಸರ್ಯಾಕ್ಟ್‌ಗೆ ಕೊಟ್ಟು ಅಕ್ಷರ ಮಾಡಿಸಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಸೆಮಿಸ್ಟರ್ ಮುಗಿದರೂ ಅದು ಮುಗಿಯೋದಿಲ್ಲ. ಕ್ಲೌಡ್‌ನಲ್ಲಿ ಹತ್ತು ವಿಎಂ ತಗೊಂಡು ಒಂದೇ ರಾತ್ರಿಯಲ್ಲಿ ಮುಗಿಸು ಅಂತ ಗೈಡ್ ಹೇಳಿದರು. ಕನ್ಸೋಲ್ ತೆರೆದು ಒಂದು ಮಾಡಿದೆ. ಇನ್ನು ಒಂಬತ್ತು ಸಲ ಅದೇ ಬಟನ್‌ಗಳನ್ನು ಒತ್ತುತ್ತಾ ಕೂರಬೇಕಾ?

ಅಕ್ಕ: ಒತ್ತಬಹುದು. ಆದರೆ ಮೊದಲನೆಯದನ್ನು ಮಾಡುವಾಗ ಯಾವ ಇಮೇಜ್ ಆರಿಸಿದೆ, ಯಾವ ಪೋರ್ಟ್ ತೆರೆದೆ, ಡಿಸ್ಕ್ ಎಷ್ಟು ಕೊಟ್ಟೆ, ಒಳಗೆ ಹೋಗಿ ಏನೇನು ಇನ್‌ಸ್ಟಾಲ್ ಮಾಡಿದೆ ಅನ್ನೋದನ್ನು ಈಗ ನೋಡದೆ ಹೇಳು.

ತಮ್ಮ: ಇಮೇಜ್ ಉಬುಂಟು. ಉಳಿದದ್ದು ಅದು ಕೇಳಿದ್ದಕ್ಕೆಲ್ಲ ಸರಿ ಅಂತ ಒತ್ತಿದೆ.

ಅಕ್ಕ: ಹಾಗಾದರೆ ಹತ್ತನೆಯದು ಮೊದಲನೆಯದರ ಹಾಗೇ ಇರುತ್ತೆ ಅಂತ ನೀನೂ ಹೇಳಲಾರೆ. ಪುಟ ಓದಿದ್ದರಲ್ಲಿ ಒಂದು ಯಂತ್ರದ ಫಲಿತಾಂಶ ಬೇರೆ ಬಂದರೆ ತಪ್ಪು ಟೆಸರ್ಯಾಕ್ಟ್‌ದೋ, ಸ್ಕ್ಯಾನ್‌ದೋ, ಆ ಯಂತ್ರದ್ದೋ ಅಂತ ತಿಳಿಯೋದಿಲ್ಲ. ಪ್ರೋಗ್ರಾಂ ಬರೆದಿಟ್ಟರೆ ಯಂತ್ರ ಹೇಗೆ ಹುಟ್ಟಿತು ಅನ್ನೋದು ಕಣ್ಣಿಗೆ ಕಾಣೋ ಹಾಗೆ ಉಳಿಯುತ್ತೆ. ವೈವಾದಲ್ಲಿ ಪರೀಕ್ಷಕರು ಕೇಳಿದರೂ ತೋರಿಸಬಹುದು, ಮುಂದಿನ ವರ್ಷದ ಹುಡುಗರು ಅದನ್ನೇ ಮತ್ತೆ ಓಡಿಸಬಹುದು.

ತಮ್ಮ: ಅಮೆಜಾನ್‌ಗೆ ಬೋಟೊ ಅಂತ ಪೈಥಾನ್ ಲೈಬ್ರರಿ ಇದೆಯಲ್ಲ, ಅದನ್ನೇ ಹಿಡೀಲಾ?

ಅಕ್ಕ: ಅಮೆಜಾನ್ ಒಂದೇ ಸಾಕು ಅಂದರೆ ಅದು ಒಳ್ಳೆಯ ಆಯ್ಕೆ. ನಿನಗೆ ಜಾಗ ಎಲ್ಲೆಲ್ಲಿ ಸಿಕ್ಕಿದೆ?

ತಮ್ಮ: ವಿದ್ಯಾರ್ಥಿಗಳಿಗೆ ಅಂತ ಕೊಡೋ ಕ್ರೆಡಿಟ್ ಎರಡು ಕಂಪನಿಗಳಲ್ಲಿ ಸ್ವಲ್ಪ ಸ್ವಲ್ಪ ಇದೆ. ಕಾಲೇಜಿನ ಲ್ಯಾಬಿನಲ್ಲಿ ಓಪನ್‌ಸ್ಟ್ಯಾಕ್ ಹಾಕಿದ್ದಾರೆ, ರಾತ್ರಿ ಹೊತ್ತು ಬಳಸಿಕೋ ಅಂದಿದ್ದಾರೆ.

ಅಕ್ಕ: ಮೂರು ಕಡೆ, ಮೂರು ಎಪಿಐ. ಅಪಾಚೆ ಲಿಬ್‌ಕ್ಲೌಡ್ ಅಂತ ಒಂದು ಪೈಥಾನ್ ಲೈಬ್ರರಿ ಇದೆ, ಅದು ಹುಟ್ಟಿದ್ದೇ ಈ ತೊಂದರೆಯಿಂದ. 2006ರ ಆಗಸ್ಟ್‌ನಲ್ಲಿ ಅಮೆಜಾನ್ ತನ್ನ ಇಸಿ2 ಸೇವೆಯನ್ನು ಬೀಟಾ ಅಂತ ತೆರೆಯಿತು, ಯಂತ್ರಕ್ಕೆ ಗಂಟೆಗೆ ಹತ್ತು ಸೆಂಟ್ ಬಾಡಿಗೆ. ಅದನ್ನು ಕಟ್ಟಿದ ತಂಡ ಇದ್ದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ಕ್ರಿಸ್ ಪಿಂಕಮ್ ಅದರ ಮುಂದಾಳು. ಎರಡು ಮೂರು ವರ್ಷ ಕಳೆಯೋ ಹೊತ್ತಿಗೆ ರ‍್ಯಾಕ್‌ಸ್ಪೇಸ್, ಸ್ಲೈಸ್‌ಹೋಸ್ಟ್, ಲಿನೋಡ್, ಗೋಗ್ರಿಡ್ ಎಲ್ಲರೂ ಬಾಡಿಗೆ ಯಂತ್ರ ಕೊಡ್ತಾ ಇದ್ದರು. ಒಂದೊಂದರ ಭಾಷೆ ಒಂದೊಂದು ಥರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಲೌಡ್‌ಕಿಕ್ ಅಂತ ಒಂದು ಚಿಕ್ಕ ಕಂಪನಿ ಇತ್ತು. ಗ್ರಾಹಕರ ಸರ್ವರ್ ಯಾವ ಕಂಪನಿಯಲ್ಲಿದ್ದರೂ ಒಂದೇ ಪುಟದಲ್ಲಿ ನೋಡಿಕೊಳ್ಳೋದು ಅವರ ಕೆಲಸ. ಅದಕ್ಕೆ ಬೇಕು ಅಂತ ತಾವೇ ಬರೆದುಕೊಂಡ ಪೈಥಾನ್ ಕೋಡನ್ನು 2009ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದೇ ವರ್ಷ ಅದು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಇನ್‌ಕ್ಯುಬೇಟರಿಗೆ ಹೋಯಿತು. 2010ರ ಡಿಸೆಂಬರ್‌ನಲ್ಲಿ ಕ್ಲೌಡ್‌ಕಿಕ್ ಅನ್ನು ರ‍್ಯಾಕ್‌ಸ್ಪೇಸ್ ಕೊಂಡುಕೊಂಡಿತು.

ತಮ್ಮ: ಅಂದರೆ ಲೈಬ್ರರಿಯೂ ರ‍್ಯಾಕ್‌ಸ್ಪೇಸ್ ಪಾಲಾಯ್ತಾ?

ಅಕ್ಕ: ಇಲ್ಲ, ಅಷ್ಟರಲ್ಲಿ ಅದು ಫೌಂಡೇಶನ್ ಕೈಯಲ್ಲಿತ್ತು. ಕೊಂಡವರು ಕಂಪನಿಯನ್ನು ಕೊಂಡರು, ಲಿಬ್‌ಕ್ಲೌಡ್ ತನ್ನ ಪಾಡಿಗೆ ತಾನು ನಡೆಯಿತು. 2011ರ ಮೇ ತಿಂಗಳಲ್ಲಿ ಅಪಾಚೆಯ ಪೂರ್ಣ ಯೋಜನೆ ಆಯಿತು. ರ‍್ಯಾಕ್‌ಸ್ಪೇಸ್‌ನ ಎದುರಾಳಿಗಳ ಡ್ರೈವರ್‌ಗಳೂ ಅದರಲ್ಲಿ ಉಳಿದವು, ಹೊಸವು ಸೇರಿದವು. ಕೋಡ್ ಒಂದೇ ಕಂಪನಿಯ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇನ್ನೊಂದು ಕಡೆಯ ಉದಾಹರಣೆ ನೋಡು. ಟೆರಾಫಾರ್ಮ್ ಗೊತ್ತಲ್ಲ, ಕ್ಲೌಡ್ ಯಂತ್ರಗಳನ್ನು ಕಟ್ಟೋ ಸಾಧನ, ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ಬಿಟ್ಟದ್ದು. ಒಂಬತ್ತು ವರ್ಷ ಮುಕ್ತ ಪರವಾನಗಿಯಲ್ಲಿತ್ತು. 2023ರ ಆಗಸ್ಟ್‌ನಲ್ಲಿ ಕಂಪನಿ ಪರವಾನಗಿಯನ್ನೇ ಬದಲಿಸಿತು. ಅದನ್ನು ನಂಬಿ ಕೆಲಸ ಕಟ್ಟಿಕೊಂಡವರು ಹಳೆಯ ಕೋಡನ್ನು ಕವಲು ಒಡೆದು ಓಪನ್‌ಟೋಫು ಅಂತ ಮಾಡಿ ಲಿನಕ್ಸ್ ಫೌಂಡೇಶನ್ನಿಗೆ ಒಪ್ಪಿಸಬೇಕಾಯಿತು. ಕೋಡ್ ಇವತ್ತು ಮುಕ್ತವಾಗಿದೆಯಾ ಅಂತ ನೋಡಿದರೆ ಸಾಲದು, ನಾಳೆ ಅದನ್ನು ಮುಚ್ಚೋ ಅಧಿಕಾರ ಯಾರ ಕೈಯಲ್ಲಿದೆ ಅಂತಲೂ ನೋಡಬೇಕು.

ತಮ್ಮ: ಸರಿ, ಲಿಬ್‌ಕ್ಲೌಡ್ ಹಿಡಿದೆ ಅಂತಿಟ್ಟುಕೋ. ಹೇಗೆ ನಡೆಯುತ್ತೆ?

ಅಕ್ಕ: ಕಂಪನಿಗೊಂದು ಡ್ರೈವರ್. ಗೆಟ್ ಡ್ರೈವರ್ ಅಂತ ಕೇಳಿ ಇಸಿ2 ಅಥವಾ ಓಪನ್‌ಸ್ಟ್ಯಾಕ್ ಅಂತ ಹೇಳಿದರೆ ಆ ವರ್ಗ ಕೈಗೆ ಬರುತ್ತೆ. ಅದಕ್ಕೆ ನಿನ್ನ ಕೀ ಕೊಟ್ಟರೆ ಮುಂದಿನ ಮಾತೆಲ್ಲ ಒಂದೇ. ಲಿಸ್ಟ್ ಸೈಜಸ್ ಅಂದರೆ ಯಂತ್ರದ ಅಳತೆಗಳು, ಲಿಸ್ಟ್ ಇಮೇಜಸ್ ಅಂದರೆ ಆಪರೇಟಿಂಗ್ ಸಿಸ್ಟಂನ ಅಚ್ಚುಗಳು, ಕ್ರಿಯೇಟ್ ನೋಡ್ ಅಂದರೆ ಹುಟ್ಟು, ಡಿಸ್ಟ್ರಾಯ್ ನೋಡ್ ಅಂದರೆ ಅಂತ್ಯ. ವಿಎಂಗೆ ಇಲ್ಲಿ ನೋಡ್ ಅಂತಲೇ ಹೆಸರು. ಜಾವಾದವರಿಗೆ ಜೆಕ್ಲೌಡ್ಸ್, ರೂಬಿಯವರಿಗೆ ಫಾಗ್ ಅಂತ ಇಂಥವೇ ಬಂದವು.

ತಮ್ಮ: ಅಂದರೆ ಡ್ರೈವರ್ ಹೆಸರು ಒಂದು ಬದಲಿಸಿದರೆ ಅದೇ ಪ್ರೋಗ್ರಾಂ ಮೂರೂ ಕಡೆ ಓಡುತ್ತೆ.

ಅಕ್ಕ: ಅಷ್ಟು ಸಲೀಸಿಲ್ಲ. ಕ್ರಿಯೆಗಳ ಹೆಸರು ಒಂದಾಯ್ತು, ಯಂತ್ರಗಳು ಒಂದಾಗಲಿಲ್ಲ. ಇಸಿ2ದಲ್ಲಿ ಉಬುಂಟು ಇಮೇಜಿಗೆ ಲಾಗಿನ್ ಹೆಸರು ಉಬುಂಟು, ಡೆಬಿಯನ್‌ಗೆ ಅಡ್ಮಿನ್, ಅಮೆಜಾನ್ ಲಿನಕ್ಸ್‌ಗೆ ಇಸಿ2-ಯೂಸರ್. ಇನ್ನು ಕೆಲವು ಕಂಪನಿಗಳು ನೇರ ರೂಟ್ ಆಗಿಯೇ ಒಳಗೆ ಬಿಡುತ್ತವೆ. ಇಸಿ2ದಲ್ಲಿ ಅದೇ ಉಬುಂಟು ಇಮೇಜಿನ ಗುರುತು ಸಂಖ್ಯೆ ಮುಂಬೈ ರೀಜನ್‌ನಲ್ಲಿ ಒಂದು, ಸಿಂಗಪುರದಲ್ಲಿ ಇನ್ನೊಂದು. ಲಿಬ್‌ಕ್ಲೌಡ್ ಬರೆದವರು ಈ ಭೇದವನ್ನು ಮುಚ್ಚಿಡಲಿಲ್ಲ, ಅದು ನನಗೆ ತುಂಬ ಇಷ್ಟವಾದ ವಿಷಯ. ಒಂದೇ ಕಂಪನಿಗೆ ಸೇರಿದ ಆರ್ಗ್ಯುಮೆಂಟ್ ಇದ್ದರೆ ಅದರ ಹೆಸರು ಇಎಕ್ಸ್ ಮತ್ತು ಅಂಡರ್‌ಸ್ಕೋರ್‌ನಿಂದಲೇ ಶುರುವಾಗಬೇಕು ಅಂತ ನಿಯಮ ಮಾಡಿದರು. ನಿನ್ನ ಪ್ರೋಗ್ರಾಂನಲ್ಲಿ ಆ ಎರಡಕ್ಷರ ಎಲ್ಲೆಲ್ಲಿ ಬಂದಿದೆ ಅಂತ ಹುಡುಕು. ಬೇರೆ ಕಡೆಗೆ ಹೋಗುವಾಗ ಮುಖ್ಯವಾಗಿ ಕೈ ಹಾಕಬೇಕಾದ ಜಾಗಗಳು ಅವೇ.

ತಮ್ಮ: ಹಾಗಿದ್ದ ಮೇಲೆ ಈ ಒಂದೇ ಭಾಷೆಯಿಂದ ಲಾಭ ಎಷ್ಟು? ನಿಜವಾಗಿ ಯಾರು ಕಂಪನಿ ಬಿಟ್ಟು ಕಂಪನಿಗೆ ಹೋಗ್ತಾರೆ?

ಅಕ್ಕ: ಇಷ್ಟಪಟ್ಟು ಹೋಗೋರು ಕಡಿಮೆ. ಹೋಗಲೇಬೇಕಾಗಿ ಬಂದವರು ಬೇಕಾದಷ್ಟು ಜನ. ನಿರ್ವಾನಿಕ್ಸ್ ಅಂತ ಫೈಲ್ ಇಟ್ಟುಕೊಳ್ಳೋ ಕ್ಲೌಡ್ ಸೇವೆ ಇತ್ತು. 2013ರ ಸೆಪ್ಟೆಂಬರ್‌ನಲ್ಲಿ ಅವರು ಗ್ರಾಹಕರಿಗೆ, ಬಾಗಿಲು ಹಾಕ್ತಾ ಇದ್ದೇವೆ, ಎರಡು ವಾರದಲ್ಲಿ ನಿಮ್ಮ ಡೇಟಾ ತೆಗೆದುಕೊಂಡು ಹೋಗಿ ಅಂದರು. ಆಮೇಲೆ ಅಕ್ಟೋಬರ್ ಮಧ್ಯದವರೆಗೆ ಗಡುವು ಕೊಟ್ಟರು, ಅಷ್ಟೇ. ಎಚ್‌ಪಿಯಂಥ ದೊಡ್ಡ ಕಂಪನಿ ತನ್ನ ಪಬ್ಲಿಕ್ ಕ್ಲೌಡನ್ನು 2016ರ ಜನವರಿಗೆ ಮುಚ್ಚಿತು. ಅಂಥ ದಿನ ನಿನ್ನ ಯಂತ್ರಗಳ ವಿವರ ಯಾರದೋ ಕನ್ಸೋಲ್‌ನ ಪುಟಗಳಲ್ಲಿ ಮಾತ್ರ ಇದ್ದರೆ ಆ ಪುಟಗಳ ಜತೆಗೇ ಹೋಗುತ್ತೆ. ನೂರು ಕ್ರಿಯೆಗಳಲ್ಲಿ ತೊಂಬತ್ತು ಹಾಗೇ ಉಳಿದು ಹತ್ತನ್ನು ತಿದ್ದೋದಕ್ಕೂ, ನೂರನ್ನೂ ನೆನಪಿನಿಂದ ಮತ್ತೆ ಕಟ್ಟೋದಕ್ಕೂ ಅಜಗಜಾಂತರ ಇದೆ.

ತಮ್ಮ: ಯಂತ್ರ ಹುಟ್ಟಿಸೋದು ಗೊತ್ತಾಯ್ತು. ಒಳಗೆ ಟೆಸರ್ಯಾಕ್ಟ್ ಹಾಕೋದನ್ನೂ ಇದೇ ಮಾಡುತ್ತಾ?

ಅಕ್ಕ: ಮಾಡುತ್ತೆ. ಡಿಪ್ಲಾಯ್ ನೋಡ್ ಅಂತ ಕ್ರಿಯೆ ಇದೆ, ಈ ಲೈಬ್ರರಿಯ ಜೀವ ಇರೋದೇ ಅದರಲ್ಲಿ. ಹೆಸರು, ಇಮೇಜ್, ಸೈಜ್ ಜತೆಗೆ ಮಾಡಬೇಕಾದ ಕೆಲಸವನ್ನೂ ಕೊಡ್ತೀಯ. ಎಸ್‌ಎಸ್‌ಎಚ್ ಕೀ ಹಾಕೋದು ಒಂದು ಹೆಜ್ಜೆ, ಫೈಲ್ ಕಳಿಸೋದು ಇನ್ನೊಂದು, ಶೆಲ್ ಸ್ಕ್ರಿಪ್ಟ್ ಓಡಿಸೋದು ಮತ್ತೊಂದು, ಎಲ್ಲವನ್ನೂ ಸಾಲಾಗಿ ಪೋಣಿಸೋಕೆ ಮಲ್ಟಿಸ್ಟೆಪ್ ಡಿಪ್ಲಾಯ್‌ಮೆಂಟ್. ಲೈಬ್ರರಿ ಮೊದಲು ಯಂತ್ರ ಕೇಳುತ್ತೆ. ಅದರ ಸ್ಥಿತಿ ರನ್ನಿಂಗ್ ಆಗಿ ಐಪಿ ವಿಳಾಸ ಬರೋವರೆಗೆ ಮತ್ತೆ ಮತ್ತೆ ವಿಚಾರಿಸುತ್ತೆ, ಸುಮ್ಮನೆ ಬಿಟ್ಟರೆ ಹತ್ತು ನಿಮಿಷ ಕಾಯುತ್ತೆ. ಆಮೇಲೆ ಪ್ಯಾರಮಿಕೋ ಅನ್ನೋ ಇನ್ನೊಂದು ಲೈಬ್ರರಿಯ ಮೂಲಕ ಎಸ್‌ಎಸ್‌ಎಚ್ ಹಿಡಿದು ಒಳಗೆ ಹೋಗಿ ನಿನ್ನ ಸ್ಕ್ರಿಪ್ಟ್ ಓಡಿಸುತ್ತೆ. ಪ್ಯಾರಮಿಕೋವನ್ನು ಬೇರೆ ಇನ್‌ಸ್ಟಾಲ್ ಮಾಡಿಕೊಳ್ಳಬೇಕು, ಅದಿಲ್ಲದೆ ಡಿಪ್ಲಾಯ್ ನೋಡ್ ಮುಂದೆ ಹೋಗೋದಿಲ್ಲ.

ತಮ್ಮ: ಆಪ್ಟ್-ಗೆಟ್‌ನಿಂದ ಟೆಸರ್ಯಾಕ್ಟ್, ಅದರ ಕನ್ನಡ ಪ್ಯಾಕೇಜು. ಎರಡು ಸಾಲಿನ ಸ್ಕ್ರಿಪ್ಟ್. ಮುಗೀತಲ್ಲ.

ಅಕ್ಕ: ಆ ಎರಡು ಸಾಲಿನಲ್ಲೇ ರಾತ್ರಿಯೆಲ್ಲ ಹಾಳಾಗಬಹುದು, ಹೇಗೆ ಅಂತ ಕೇಳು. ರನ್ನಿಂಗ್ ಅಂದರೆ ಕಂಪನಿಯ ಕಡೆಯಿಂದ ಯಂತ್ರಕ್ಕೆ ಚಾಲನೆ ಸಿಕ್ಕಿದೆ ಅಂತ ಮಾತ್ರ. ಒಳಗೆ ಉಬುಂಟು ಇನ್ನೂ ಎದ್ದು ಕೂರುತ್ತಾ ಇರುತ್ತೆ. ಎಸ್‌ಎಸ್‌ಎಚ್ ಬಾಗಿಲು ತೆರೆಯೋಕೆ ಇನ್ನೂ ಒಂದಷ್ಟು ಹೊತ್ತು, ಅದಕ್ಕೆ ಲೈಬ್ರರಿ ತಾನೇ ಮತ್ತೆ ಮತ್ತೆ ತಟ್ಟುತ್ತೆ. ಬಾಗಿಲು ತೆರೀತು ಅಂತಿಟ್ಟುಕೋ. ಆಗಲೂ ಒಳಗೆ ಕ್ಲೌಡ್-ಇನಿಟ್ ಮೊದಲ ಬೂಟಿನ ಕೆಲಸ ಮುಗಿಸಿರೋದಿಲ್ಲ. ಅದು ಕೆನೊನಿಕಲ್ ಕಂಪನಿಯವರು ತಮ್ಮ ಉಬುಂಟುವನ್ನು ಇಸಿ2ದಲ್ಲಿ ಎಬ್ಬಿಸೋಕೆ ಅಂತ ಬರೆದದ್ದು, ಈಗ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಇಮೇಜುಗಳಲ್ಲೂ ಇದೆ. ಜತೆಗೆ ಸುರಕ್ಷತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕೋ ಸೇವೆಯೂ ಎದ್ದಿರುತ್ತೆ. ಇವುಗಳಲ್ಲಿ ಯಾವುದೋ ಒಂದು ಪ್ಯಾಕೇಜ್ ವ್ಯವಸ್ಥೆಗೆ ಬೀಗ ಹಾಕಿಕೊಂಡಿರುತ್ತೆ. ನಿನ್ನ ಸ್ಕ್ರಿಪ್ಟ್ ಬಂದು ಆಪ್ಟ್-ಗೆಟ್ ಅನ್ನುತ್ತೆ. ಬೀಗ ಸಿಗಲಿಲ್ಲ ಅಂತ ಆ ಸಾಲು ಸೋಲುತ್ತೆ.

ತಮ್ಮ: ಸೋತರೆ ಡಿಪ್ಲಾಯ್ ನೋಡ್ ಎರರ್ ಎಸೆಯುತ್ತಲ್ಲ, ಗೊತ್ತಾಗುತ್ತೆ.

ಅಕ್ಕ: ಎಸೆಯೋದಿಲ್ಲ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೋ. ಎಸ್‌ಎಸ್‌ಎಚ್ ಸಿಗದಿದ್ದರೆ, ಸಮಯ ಮೀರಿದರೆ ಎಸೆಯುತ್ತೆ. ಸ್ಕ್ರಿಪ್ಟ್ ಓಡಿ ಸೋತರೆ ಲೈಬ್ರರಿ ಅದನ್ನು ಸೋಲು ಅಂತ ತಾನಾಗಿ ತೀರ್ಮಾನಿಸೋದಿಲ್ಲ. ಸ್ಕ್ರಿಪ್ಟ್ ಆಬ್ಜೆಕ್ಟಿನಲ್ಲಿ ಎಕ್ಸಿಟ್ ಸ್ಟೇಟಸ್, ಅದು ಬರೆದ ಔಟ್‌ಪುಟ್, ಎರರ್ ಸಾಲುಗಳು ಎಲ್ಲವನ್ನೂ ತುಂಬಿಟ್ಟು ಸುಮ್ಮನಾಗುತ್ತೆ. ನೋಡೋದು ನಿನ್ನ ಕೆಲಸ. ನೋಡದಿದ್ದರೆ ಹತ್ತು ಯಂತ್ರ ಎದ್ದು ನಿಂತಿರುತ್ತೆ, ಎಲ್ಲದರ ಸ್ಥಿತಿಯೂ ರನ್ನಿಂಗ್, ನಾಲ್ಕರಲ್ಲಿ ಟೆಸರ್ಯಾಕ್ಟೇ ಇರೋದಿಲ್ಲ. ಬಿಲ್ ಮಾತ್ರ ಹತ್ತಕ್ಕೂ ಬರುತ್ತೆ.

ತಮ್ಮ: ಹಾಗಾದರೆ ಏನು ಮಾಡಬೇಕು?

ಅಕ್ಕ: ಸ್ಕ್ರಿಪ್ಟಿನ ಮೊದಲಲ್ಲೇ ಸೆಟ್ ಹೈಫನ್ ಇ ಅಂತ ಬರೆ, ಒಂದು ಸಾಲು ಸೋತರೆ ಅಲ್ಲಿಗೇ ನಿಲ್ಲಲಿ. ಅದರ ಕೆಳಗೆ ಕ್ಲೌಡ್-ಇನಿಟ್ ಸ್ಟೇಟಸ್‌ಗೆ ವೇಟ್ ಆಯ್ಕೆ ಹಾಕಿ ಓಡಿಸು, ಮೊದಲ ಬೂಟಿನ ಕೆಲಸ ಮುಗಿಯೋವರೆಗೆ ಅದು ಕಾಯುತ್ತೆ. ಬೀಗ ಸಿಗೋವರೆಗೆ ಇಷ್ಟು ಸೆಕೆಂಡ್ ಕಾಯಿ ಅಂತ ಆಪ್ಟ್‌ಗೂ ಹೇಳಬಹುದು. ಕೊನೆಯಲ್ಲಿ ಟೆಸರ್ಯಾಕ್ಟ್‌ಗೆ ಇರೋ ಭಾಷೆಗಳ ಪಟ್ಟಿ ಕೇಳಿ ಅದರಲ್ಲಿ ಕನ್ನಡದ ಕೆಎಎನ್ ಇದೆಯಾ ನೋಡು, ಇಲ್ಲದಿದ್ದರೆ ಸೋಲಲಿ. ಪೈಥಾನ್ ಕಡೆ ಡಿಪ್ಲಾಯ್ ನೋಡ್ ಮುಗಿದ ತಕ್ಷಣ ಎಕ್ಸಿಟ್ ಸ್ಟೇಟಸ್ ಸೊನ್ನೆಯಾ ಅಂತ ನೋಡು. ಸೊನ್ನೆ ಅಲ್ಲದಿದ್ದರೆ ಎರರ್ ಸಾಲುಗಳನ್ನು ಫೈಲಿಗೆ ಬರೆದುಕೊಂಡು ಆ ಯಂತ್ರವನ್ನು ಅಳಿಸು.

ತಮ್ಮ: ಅಳಿಸೋದೇ? ಒಳಗೆ ಹೋಗಿ ಸರಿಮಾಡಿದರೆ ಆಗಲ್ವಾ?

ಅಕ್ಕ: ಒಂದಕ್ಕೆ ಕೈಯಾರೆ ತೇಪೆ ಹಾಕಿದ ಕ್ಷಣವೇ ಅದು ಉಳಿದ ಒಂಬತ್ತರ ಹಾಗೆ ಉಳಿಯಲಿಲ್ಲ. ಸ್ಕ್ರಿಪ್ಟ್ ತಿದ್ದು, ಹೊಸದು ಹುಟ್ಟಿಸು, ಎರಡು ಮೂರು ನಿಮಿಷದ ಮಾತು. ಇಸಿ2ದಲ್ಲಿ ಲಿನಕ್ಸ್ ಯಂತ್ರಗಳಿಗೆ 2017ರ ಅಕ್ಟೋಬರ್‌ನಿಂದ ಸೆಕೆಂಡ್ ಲೆಕ್ಕದಲ್ಲಿ ಬಿಲ್, ಕಡಿಮೆ ಅಂದರೆ ಒಂದು ನಿಮಿಷದ್ದು. ಅದಕ್ಕೂ ಮೊದಲು ಐದು ನಿಮಿಷ ಓಡಿಸಿದರೂ ಪೂರ್ತಿ ಒಂದು ಗಂಟೆಯ ದುಡ್ಡು ಹೋಗ್ತಿತ್ತು, ಹಾಗಾಗಿ ಜನ ಕೆಟ್ಟದ್ದನ್ನೇ ರಿಪೇರಿ ಮಾಡಿಕೊಂಡು ಕೂರ್ತಿದ್ದರು. ಈಗ ಆ ಕಾರಣ ಇಲ್ಲ.

ತಮ್ಮ: ಎಸ್‌ಎಸ್‌ಎಚ್ ಸಿಗದೆ ಎರರ್ ಬಂದಾಗ? ಯಂತ್ರ ಆಗ ಏನಾಗಿರುತ್ತೆ?

ಅಕ್ಕ: ಅಲ್ಲೇ ಇರುತ್ತೆ. ನಿನಗೆ ಹೇಳಬೇಕು ಅಂತಿದ್ದದ್ದು ಇದೇ. ಪ್ರೋಗ್ರಾಂ ಎರರ್ ಕೊಟ್ಟು ನಿಂತಿತು ಅಂದರೆ ಏನೂ ಆಗಲಿಲ್ಲ ಅಂತ ನಾವು ಅಂದುಕೊಳ್ತೇವೆ. ಫೈಲ್ ಓದೋ ಪ್ರೋಗ್ರಾಂ ಆದರೆ ಅದು ಹೆಚ್ಚುಕಡಿಮೆ ನಿಜ. ಇಲ್ಲಿ ಹಾಗಲ್ಲ. ಮೊದಲ ಹೆಜ್ಜೆ ಗೆದ್ದಿದೆ, ಎಲ್ಲೋ ಒಂದು ಕಟ್ಟಡದಲ್ಲಿ ನಿನ್ನ ಹೆಸರಿಗೆ ಯಂತ್ರ ಓಡ್ತಾ ಇದೆ. ಎರಡನೆಯದು ಸೋತಿದೆ, ಹಾಗಾಗಿ ಅದರೊಳಗೆ ಕೆಲಸ ಇಲ್ಲ. ನಿನ್ನ ಟರ್ಮಿನಲ್ ಮುಚ್ಚಿದರೆ ಅದರ ಸುಳಿವೂ ಇಲ್ಲ. ಲಿಬ್‌ಕ್ಲೌಡ್ ಇದಕ್ಕೆ ಒಂದು ದಾರಿ ಇಟ್ಟಿದೆ. ಅದು ಎಸೆಯೋ ಡಿಪ್ಲಾಯ್‌ಮೆಂಟ್ ಎರರ್‌ನ ಒಳಗೆ ಆ ನೋಡ್ ಇರುತ್ತೆ. ಎರರ್ ಹಿಡಿದು, ಅದರಿಂದ ನೋಡ್ ತೆಗೆದು, ಡಿಸ್ಟ್ರಾಯ್ ಅಂದರೆ ಆಯಿತು. ತಾನಾಗಿ ಅಳಿಸೋದಿಲ್ಲ, ಅಳಿಸಬಾರದು ಕೂಡ. ಒಳಗೆ ಏನಾಯಿತು ಅಂತ ನೋಡಬೇಕು ಅನ್ನೋರೂ ಇರ್ತಾರಲ್ಲ. ತೀರ್ಮಾನ ಬಳಸೋರದು.

ತಮ್ಮ: ಎಕ್ಸೆಪ್ಟ್ ಅಂತ ಒಂದು ಸಾಲು ಹಾಕಿ ಪ್ರಿಂಟ್ ಮಾಡಿ ಮುಂದೆ ಹೋಗೋ ಅಭ್ಯಾಸ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಇದೆ.

ಅಕ್ಕ: ಇಲ್ಲಿ ಅದು ಆಗದು. ಕಂಟ್ರೋಲ್ ಸಿ ಒತ್ತಿ ನಡುವೆ ನಿಲ್ಲಿಸಿದರೂ ಅದೇ ಕಥೆ. ಅದಕ್ಕೆ ಅಂತಲೇ ಡಿಪ್ಲಾಯ್ ನೋಡ್‌ಗೆ ಅಟ್ ಎಕ್ಸಿಟ್ ಫಂಕ್ಷನ್ ಕೊಡೋ ವ್ಯವಸ್ಥೆ ಮಾಡಿದ್ದಾರೆ. ಯಂತ್ರ ಹುಟ್ಟಿದ ಮೇಲೆ, ಡಿಪ್ಲಾಯ್ ಮುಗಿಯೋ ಮೊದಲು ನೀನು ನಿಲ್ಲಿಸಿದರೆ ಆ ಫಂಕ್ಷನ್ನಿಗೆ ನೋಡ್ ಸಿಗುತ್ತೆ. ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಹೋದರೆ ಅದೂ ಸಹಾಯಕ್ಕೆ ಬರೋದಿಲ್ಲ. ಆದ್ದರಿಂದ ಹುಟ್ಟಿಸುವಾಗಲೇ ಪ್ರತಿ ಯಂತ್ರಕ್ಕೂ ಒಂದು ಟ್ಯಾಗ್ ಹಾಕು, ಪ್ರಾಜೆಕ್ಟಿನ ಹೆಸರು ಮತ್ತು ತಾರೀಖು. ಇಸಿ2 ಡ್ರೈವರಿನಲ್ಲಿ ಇಎಕ್ಸ್ ಮೆಟಾಡೇಟಾ ಅಂತ ಆರ್ಗ್ಯುಮೆಂಟ್ ಇದೆ. ಆಮೇಲೆ ಬೇರೆಯೇ ಒಂದು ಪುಟ್ಟ ಪ್ರೋಗ್ರಾಂ, ಲಿಸ್ಟ್ ನೋಡ್ಸ್ ಅಂತ ಕೇಳಿ ಆ ಟ್ಯಾಗ್ ಇರೋದನ್ನೆಲ್ಲ ಪಟ್ಟಿಮಾಡಿ ಅಳಿಸೋದು. ಮುಖ್ಯ ಪ್ರೋಗ್ರಾಂ ನೆನಪಿನಲ್ಲಿ ಏನಿತ್ತು ಅನ್ನೋದನ್ನು ಇದು ನಂಬೋದಿಲ್ಲ, ಕಂಪನಿಯನ್ನೇ ಕೇಳುತ್ತೆ.

ತಮ್ಮ: ಡಿಸ್ಟ್ರಾಯ್ ಅಂದ ಮೇಲೆ ನಿಜವಾಗಿ ಎಲ್ಲ ಹೋಯಿತು ಅಂತಲೇ?

ಅಕ್ಕ: ಒಳ್ಳೆಯ ಪ್ರಶ್ನೆ. ಇಸಿ2ದಲ್ಲಿ ಯಂತ್ರದ ಮುಖ್ಯ ಡಿಸ್ಕ್ ಸಾಮಾನ್ಯವಾಗಿ ಅದರ ಜತೆಗೇ ಹೋಗುತ್ತೆ. ನೀನು ಬೇರೆ ಡಿಸ್ಕ್ ಜೋಡಿಸಿದ್ದರೆ ಅದು ಉಳಿಯುತ್ತೆ, ಬಾಡಿಗೆಯೂ ನಡೆಯುತ್ತೆ. ಯಂತ್ರವನ್ನು ಅಳಿಸದೆ ಬರೀ ನಿಲ್ಲಿಸಿದರಂತೂ ಡಿಸ್ಕ್ ದುಡ್ಡು ಹೋಗ್ತಾನೇ ಇರುತ್ತೆ. ಪಬ್ಲಿಕ್ ಐಪಿ ವಿಳಾಸಕ್ಕೂ ಅಮೆಜಾನ್ 2024ರ ಫೆಬ್ರವರಿಯಿಂದ ಗಂಟೆ ಲೆಕ್ಕದಲ್ಲಿ ಹಣ ತಗೊಳ್ಳುತ್ತೆ. ಇದೆಲ್ಲ ದುಡ್ಡಿನ ಮಾತು. ಇದಕ್ಕಿಂತ ದೊಡ್ಡದು ಲಿಬ್‌ಕ್ಲೌಡ್‌ನಲ್ಲೇ ಆಗಿತ್ತು. ಡಿಜಿಟಲ್ ಓಷನ್‌ನ ಎಪಿಐಯಲ್ಲಿ ಯಂತ್ರ ಅಳಿಸುವಾಗ ಡಿಸ್ಕ್ ಒರೆಸಬೇಕು ಅಂತ ಬೇರೆಯಾಗಿ ಹೇಳಬೇಕಿತ್ತು, ಅದಕ್ಕೆ ಸ್ಕ್ರಬ್ ಡೇಟಾ ಅಂತ ಆರ್ಗ್ಯುಮೆಂಟ್. 0.12.3ರಿಂದ 0.13.2ರವರೆಗಿನ ಲಿಬ್‌ಕ್ಲೌಡ್ ಆವೃತ್ತಿಗಳು ಅದನ್ನು ಕಳಿಸ್ತಾ ಇರಲಿಲ್ಲ. ಯಂತ್ರ ಅಳಿಸಿಹೋಗ್ತಿತ್ತು, ಡಿಸ್ಕಿನ ಮೇಲಿನ ಬರಹ ಹಾಗೇ ಉಳೀತಿತ್ತು. ಆ ಜಾಗದಲ್ಲಿ ಹೊಸ ಯಂತ್ರ ಪಡೆದ ಬೇರೊಬ್ಬರು ಅದನ್ನು ಓದಬಹುದಾಗಿತ್ತು. ಸಿವಿಇ-2013-6480 ಅಂತ ಅದಕ್ಕೆ ಸಂಖ್ಯೆ ಬಿತ್ತು, 0.13.3ರಲ್ಲಿ ಸರಿಪಡಿಸಿದರು.

ತಮ್ಮ: ಅಯ್ಯೋ. ಡಿಸ್ಟ್ರಾಯ್ ಅಂತ ಬರೆದೋರು ಒರೆಸೋದೂ ಅದರಲ್ಲೇ ಸೇರಿದೆ ಅಂತ ತಾನೇ ಅಂದುಕೊಳ್ತಾರೆ?

ಅಕ್ಕ: ಅದೇ. ಹತ್ತಾರು ಕಂಪನಿಗಳ ಡಿಸ್ಟ್ರಾಯ್‌ಗೆ ಒಂದೇ ಹೆಸರು ಕೊಟ್ಟಾಗ ಓದುವವರು ಒಂದೇ ಅರ್ಥ ಇದೆ ಅಂತ ನಂಬ್ತಾರೆ. ಅದು ಇಂಥ ಎಲ್ಲ ಲೈಬ್ರರಿಗಳ ಮೇಲಿರೋ ಭಾರ. ಕೋಡ್ ತೆರೆದಿದ್ದರಿಂದ ಎಲ್ಲಿ ತಪ್ಪಿತು, ಹೇಗೆ ಸರಿಯಾಯಿತು ಅಂತ ಸಾಲು ಸಾಲಾಗಿ ಇವತ್ತಿಗೂ ನೋಡಬಹುದು. ನನಗೆ ಕಂಪನಿಗಳ ಜಾಹೀರಾತಿಗಿಂತ ಇಂಥ ತೆರೆದ ತಿದ್ದುಪಡಿ ಹೆಚ್ಚು ಧೈರ್ಯ ಕೊಡುತ್ತೆ.

ತಮ್ಮ: ಇನ್ನೂ ಏನಾದರೂ ಇಂಥದ್ದು ಇದೆಯಾ, ಒಳಗೆ ಸದ್ದಿಲ್ಲದೆ ನಡೆಯೋದು?

ಅಕ್ಕ: ನೀನು ಕೈಯಾರೆ ಎಸ್‌ಎಸ್‌ಎಚ್ ಮಾಡುವಾಗ ಹೊಸ ಯಂತ್ರ ಆದರೆ ಈ ಗುರುತನ್ನು ನಂಬಲಾ ಅಂತ ಕೇಳುತ್ತಲ್ಲ, ಡಿಪ್ಲಾಯ್ ನೋಡ್ ಕೇಳೋದಿಲ್ಲ, ನಂಬಿಬಿಡುತ್ತೆ. ಈಗ ತಾನೇ ಹುಟ್ಟಿದ ಯಂತ್ರದ ಗುರುತು ಯಾರಿಗೂ ಮೊದಲೇ ಗೊತ್ತಿರೋದಿಲ್ಲ, ಆದ್ದರಿಂದ ಹಾಗೆ ಮಾಡಿದ್ದಾರೆ. ಸ್ಕ್ಯಾನ್ ಪುಟಗಳಿಗೆ ಇದು ನಡೆಯುತ್ತೆ. ಆಸ್ಪತ್ರೆಯ ದಾಖಲೆಗಳಂಥದ್ದಾಗಿದ್ದರೆ ನಾನು ಈ ದಾರಿ ಬಿಟ್ಟು, ಸ್ಕ್ರಿಪ್ಟನ್ನು ಯೂಸರ್ ಡೇಟಾ ಅಂತ ಹುಟ್ಟಿಸುವಾಗಲೇ ಕಳಿಸ್ತೀನಿ, ಯಂತ್ರದೊಳಗಿನ ಕ್ಲೌಡ್-ಇನಿಟ್ ಅದನ್ನು ತಾನೇ ಓಡಿಸಿಕೊಳ್ಳುತ್ತೆ. ಹೊರಗಿನಿಂದ ಎಸ್‌ಎಸ್‌ಎಚ್ ಪೋರ್ಟ್ ತೆರೆಯೋ ಅಗತ್ಯವೇ ಇಲ್ಲ. ಆದರೆ ಆಗ ಸೋತಿತೋ ಗೆದ್ದಿತೋ ನಿನ್ನ ಪ್ರೋಗ್ರಾಂಗೆ ಹೇಳೋರು ಇರೋದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಯೂಸರ್ ಡೇಟಾದಲ್ಲಿ ಪಾಸ್‌ವರ್ಡ್ ಹಾಕಬೇಡ, ಯಂತ್ರದೊಳಗೆ ಓಡೋ ಯಾವ ಪ್ರೋಗ್ರಾಂ ಬೇಕಾದರೂ 169.254.169.254 ಅನ್ನೋ ವಿಳಾಸದಲ್ಲಿ ಅದನ್ನು ಓದಬಹುದು.

ತಮ್ಮ: ಇಮೇಜ್ ಆರಿಸೋಕೆ ಲಿಸ್ಟ್ ಇಮೇಜಸ್ ಅಂತ ಹಾಕಿ ಉಬುಂಟು ಅಂತ ಹೆಸರಿರೋ ಇತ್ತೀಚಿನದನ್ನು ತಗೊಳ್ಳಲಾ?

ಅಕ್ಕ: ಬೇಡ. ಇಸಿ2ದಲ್ಲಿ ಯಾರು ಬೇಕಾದರೂ ಇಮೇಜ್ ಪ್ರಕಟಿಸಬಹುದು, ಉಬುಂಟು ಅಂತ ಹೆಸರೂ ಇಡಬಹುದು. ಹೆಸರು ನೋಡಿ ಹೊಸತನ್ನು ಎತ್ತಿಕೊಳ್ಳೋ ಪ್ರೋಗ್ರಾಂಗಳಿಗೆ ದುಷ್ಟರು ತಮ್ಮ ಇಮೇಜನ್ನು ತಿನ್ನಿಸಬಹುದು ಅಂತ ಡೇಟಾಡಾಗ್ ಕಂಪನಿಯ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟರು. ಮಾಲೀಕರು ಕೆನೊನಿಕಲ್ ಅಂತ ಅವರ ಖಾತೆ ಸಂಖ್ಯೆ ಹಾಕಿಯೇ ಕೇಳು. ಪೂರ್ತಿ ಪಟ್ಟಿ ಕೇಳಿದರೆ ಸಾವಿರಗಟ್ಟಲೆ ಬರುತ್ತೆ, ಕಾದು ಕಾದು ಸಾಕಾಗುತ್ತೆ. ಒಮ್ಮೆ ಆರಿಸಿದ ಮೇಲೆ ಅದರ ಗುರುತು ಸಂಖ್ಯೆಯನ್ನು ಪ್ರೋಗ್ರಾಂನಲ್ಲಿ ಬರೆದಿಡು. ಹತ್ತೂ ಯಂತ್ರ ಒಂದೇ ಇಮೇಜಿನಿಂದ ಹುಟ್ಟಬೇಕು.

ತಮ್ಮ: ಒಂದಾದ ಮೇಲೆ ಒಂದು ಹುಟ್ಟಿಸ್ತಾ ಕೂತರೆ ಹೊತ್ತಾಗುತ್ತೆ. ಥ್ರೆಡ್ ಹಾಕಲಾ?

ಅಕ್ಕ: ಹಾಕು. ಒಂದೇ ಡ್ರೈವರ್ ಆಬ್ಜೆಕ್ಟನ್ನು ಹತ್ತು ಥ್ರೆಡ್‌ಗಳಿಗೆ ಹಂಚಬೇಡ, ಅದು ಥ್ರೆಡ್‌ಗಳಿಗೆ ಸುರಕ್ಷಿತ ಅಲ್ಲ. ಥ್ರೆಡ್ಡಿಗೊಂದು ಡ್ರೈವರ್ ಮಾಡಿಕೋ.

ತಮ್ಮ: ಇಷ್ಟೆಲ್ಲ ನೋಡಿಕೊಳ್ಳಬೇಕು ಅಂದರೆ ಟೆರಾಫಾರ್ಮ್ ಅಥವಾ ಆ ಓಪನ್‌ಟೋಫುವೇ ಮೇಲು ಅನ್ನಿಸ್ತಾ ಇದೆ.

ಅಕ್ಕ: ವರ್ಷಗಟ್ಟಲೆ ನಿಲ್ಲೋ ವ್ಯವಸ್ಥೆಗೆ ಅದೇ ಮೇಲು, ನಮ್ಮ ಆಫೀಸಿನಲ್ಲೂ ಅಂಥದ್ದಕ್ಕೆ ಅದನ್ನೇ ಬಳಸ್ತೇವೆ. ಏನಿರಬೇಕು ಅಂತ ಬರೆದರೆ ಈಗ ಇರೋದಕ್ಕೂ ಅದಕ್ಕೂ ವ್ಯತ್ಯಾಸ ಲೆಕ್ಕ ಹಾಕಿ ತಾನೇ ಸರಿದೂಗಿಸುತ್ತೆ. ಲೈಬ್ರರಿ ಬೇಕಾಗೋದು ನಿನ್ನಂಥ ಕೆಲಸಕ್ಕೆ. ಎಷ್ಟು ಪುಟ ಬಾಕಿ ಇದೆ ಅಂತ ಎಣಿಸಿ, ಅದಕ್ಕೆ ತಕ್ಕ ಹಾಗೆ ಯಂತ್ರ ಹುಟ್ಟಿಸಿ, ಲ್ಯಾಬಿನ ಓಪನ್‌ಸ್ಟ್ಯಾಕ್‌ನಲ್ಲಿ ಜಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಹೊರಗೆ, ಒಂದೊಂದು ಕಂತು ಮುಗಿದ ಹಾಗೆ ಒಂದೊಂದನ್ನು ಅಳಿಸ್ತಾ ಹೋಗಬೇಕು. ಇದು ಪ್ರೋಗ್ರಾಂ ಯೋಚಿಸಿ ಮಾಡಬೇಕಾದ ತೀರ್ಮಾನ. ಇಂಥದ್ದಕ್ಕೆ ಪೈಥಾನ್‌ನ ಇಫ್, ಫಾರ್‌ಗಳೇ ಸರಿಯಾದ ಆಯುಧ.

ತಮ್ಮ: ಕ್ರೆಡಿಟ್ ಕರಗಿಸದೆ ಪ್ರಯೋಗ ಮಾಡೋ ದಾರಿ ಇದೆಯಾ?

ಅಕ್ಕ: ಇದೆ. ಡಮ್ಮಿ ಅಂತ ಒಂದು ಡ್ರೈವರ್ ಇಟ್ಟಿದ್ದಾರೆ. ಯಾವ ಕಂಪನಿಯನ್ನೂ ಕೇಳದೆ ಯಂತ್ರ ಹುಟ್ಟಿದ ಹಾಗೆ, ಅಳಿದ ಹಾಗೆ ಉತ್ತರ ಕೊಡುತ್ತೆ. ಕಾರ್ಡಿಲ್ಲದ ಹುಡುಗ ಹುಡುಗಿಯರೂ ಅದರ ಮೇಲೆ ಪ್ರೋಗ್ರಾಂ ಬರೆದು ಕಲಿಯಬಹುದು. ನಿಮ್ಮ ಕ್ಲಾಸಿನವರಿಗೆ ಇದನ್ನು ಮೊದಲು ಹೇಳು. ಸ್ವಂತ ಕಂಪ್ಯೂಟರಿನಲ್ಲೇ ವಿಎಂ ನಡೆಸೋ ಲಿಬ್‌ವರ್ಟ್‌ಗೂ ಡ್ರೈವರ್ ಇದೆ, ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ನಿಜವಾದ ವಿಎಂಗಳ ಜತೆಯೇ ಪಳಗಬಹುದು. ಕ್ಲೌಡ್‌ನ ಕೀಗಳನ್ನು ಮಾತ್ರ ಪ್ರೋಗ್ರಾಂ ಒಳಗೆ ಬರೆದು ಗಿಟ್‌ಹಬ್‌ಗೆ ಹಾಕಬೇಡಿ. ಸಾರ್ವಜನಿಕವಾಗಿ ಬಿದ್ದ ಕೀಗಳನ್ನು ಹುಡುಕೋದಕ್ಕೇ ಬಾಟ್‌ಗಳು ಓಡಾಡ್ತಾ ಇರುತ್ತವೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಕೊಳ್ಳಿ, ಯಂತ್ರ ಹುಟ್ಟಿಸೋ ಅಳಿಸೋ ಅಷ್ಟು ಅಧಿಕಾರ ಮಾತ್ರ ಇರೋ ಕೀ ಮಾಡಿಕೊಳ್ಳಿ.

ತಮ್ಮ: ಹಾಗಾದರೆ ಇವತ್ತು ರಾತ್ರಿ ಡಿಪ್ಲಾಯ್ ಭಾಗ ಬರೆದು ಕಳಿಸ್ತೀನಿ, ನೋಡ್ತೀಯಾ?

ಅಕ್ಕ: ನೋಡ್ತೀನಿ. ಆದರೆ ಡಿಪ್ಲಾಯ್ ಭಾಗ ನಾಳೆಗಿರಲಿ. ಇವತ್ತು ಟ್ಯಾಗ್ ಹುಡುಕಿ ಅಳಿಸೋ ಆ ಪುಟ್ಟ ಪ್ರೋಗ್ರಾಂ ಬರೆ, ಡಮ್ಮಿ ಡ್ರೈವರಿನ ಮೇಲೆ ಓಡಿಸಿ ನೋಡು. ಕನ್ಸೋಲ್‌ನಲ್ಲಿ ಒಂದು ಮಾಡಿದ್ದೀಯಲ್ಲ, ಅದು ಈಗ ಓಡ್ತಾ ಇದೆಯಾ?

ತಮ್ಮ: ಓಡ್ತಾ ಇರಬೇಕು. ನಿಲ್ಲಿಸಿದ ನೆನಪಿಲ್ಲ.

ಅಕ್ಕ: ಅದಕ್ಕೊಂದು ಟ್ಯಾಗ್ ಹಾಕು. ಡಮ್ಮಿ ಆದ ಮೇಲೆ ಮೊದಲ ಪ್ರಯೋಗ ಅದರ ಮೇಲೇ ಆಗಲಿ.